ಶಿವರಾತ್ರಿಗೆ ಬೆಂಕಿ, ಆಷಾಢಕ್ಕೆ ನೀರು: ಗುಡ್ಡದ ಬುಡದ ಮನೆಯಲ್ಲಿ ಇರೋದು ಹೇಗೆ?

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವರು. ಪುಣೆಯ ಕಾತ್ರಜ್ ಹತ್ತಿರ, ಗುಡ್ಡದ ಬುಡದ ಸೊಸೈಟಿಯಲ್ಲಿ ರೋ ಹೌಸ್ ತೆಗೆದುಕೊಂಡಿದ್ದೇವೆ. ಪ್ರತಿ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಹಿಂದಿನ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಈ ಸಲ ಕಾಂಪೌಂಡ್ ಗೋಡೆಯವರೆಗೂ ಬಂತು. ನಮ್ಮ ಯಜಮಾನರು ಮತ್ತು ಸೊಸೈಟಿಯ ಹುಡುಗರು ಹಸಿ ಟೊಂಗೆ ಹಿಡಿದು ಮೇಲೆ ಹೋಗಿ ಬಡಿದು ಆರಿಸಿದರು. ಅತ್ತೆಯವರಿಗೆ ದಮ್ಮು ಇದೆ, ಹೊಗೆಗೆ ತುಂಬಾ ಒದ್ದಾಡಿದರು. ಮಳೆಗಾಲದಲ್ಲಿ ಪಕ್ಕದ ಓಢಾ (ಹಳ್ಳ) ಉಕ್ಕಿ ಕೆಳಗಿನ ಗಲ್ಲಿಗೆ ನೀರು ನುಗ್ಗುತ್ತದೆ. ಈಗ ಕಮಿಟಿಯವರು ಜೆಸಿಬಿ ತರಿಸಿ ಗುಡ್ಡದ ಕಡೆಯ ಹುಲ್ಲೆಲ್ಲ ಕೆರೆಸೋಣ, ಹಿಂದಿನ ಗೋಡೆಯನ್ನು ನಾಲ್ಕು ಅಡಿ ಎತ್ತರಿಸೋಣ ಅನ್ನುತ್ತಿದ್ದಾರೆ. ಇದು ಸರಿಯಾ? ಓಢಾ ದಂಡೆಯ ಪತ್ರಾ (ತಗಡಿನ) ಶೆಡ್‌ಗಳಲ್ಲಿ ಯಾದಗಿರಿ ಕಡೆಯ ಕೂಲಿ ಜನ ಇದ್ದಾರೆ. ಅವರೂ ನನ್ನನ್ನೇ ಕೇಳುತ್ತಾರೆ. ಮನೆ ಮಾರಿ ಬೇರೆ ಕಡೆ ಹೋಗಬೇಕಾ?

ಉತ್ತರ:

ನಮಸ್ಕಾರ ಅಕ್ಕಾವ್ರೆ,

ಮೊದಲು ಜೆಸಿಬಿ ವಿಷಯ. ಅದನ್ನು ನಿಲ್ಲಿಸಿ. ಮುಂದಿನ ಸಭೆಯವರೆಗೆ ಕಾಯಬೇಡಿ, ಇವತ್ತೇ ಸೆಕ್ರೆಟರಿಗೆ ಫೋನ್ ಮಾಡಿ. ಗೋಡೆ ಎತ್ತರಿಸುವುದನ್ನೂ ಸದ್ಯಕ್ಕೆ ಬಿಡಲು ಹೇಳಿ. ಬೆಂಕಿಗೆ ಹೆದರಿ ಮಾಡುವ ಈ ಎರಡು ಕೆಲಸಗಳು ಮಳೆಗಾಲದಲ್ಲಿ ನಿಮಗೆ ಬೆಂಕಿಗಿಂತ ದೊಡ್ಡ ಆಪತ್ತು ತರಬಹುದು.

ಪುಣೆ ಸುತ್ತಲಿನ ಸೊಸೈಟಿಗಳಲ್ಲಿ, ಹಳ್ಳಿಗಳಲ್ಲಿ ಆಪತ್ತು ಎದುರಿಸುವ ತರಬೇತಿ ಕೊಡುವುದು ನನ್ನ ಕೆಲಸ. ಎಲ್ಲ ಕಡೆ ಕಾಣುವುದು ಇದೇ. ಬೆಂಕಿ ಅರಣ್ಯ ಇಲಾಖೆಯ ತಲೆನೋವು, ಓಢಾ ಮಹಾನಗರಪಾಲಿಕೆಯದು, ಅಣೆಕಟ್ಟಿನ ನೀರು ನೀರಾವರಿ ಇಲಾಖೆಯದು ಎಂದು ಜನರೂ ಹಂಚಿಬಿಟ್ಟಿದ್ದಾರೆ. ಆದರೆ ಗುಡ್ಡ ಒಂದೇ ಅಲ್ವಾ? ಮಾರ್ಚ್‌ನಲ್ಲಿ ಸುಟ್ಟ ಇಳಿಜಾರಿನ ಮೇಲೆಯೇ ಜೂನ್‌ನಲ್ಲಿ ಮಳೆ ಬೀಳುತ್ತದೆ. ಆ ನೀರು, ಅದರ ಜೊತೆಗಿನ ಮಣ್ಣು, ಬೂದಿ, ಕಲ್ಲು ಎಲ್ಲ ನಿಮ್ಮ ಓಢಾಗೇ ಇಳಿಯಬೇಕು. ಹಾಗಾಗಿ ಬೇಸಿಗೆಯಲ್ಲಿ ಗುಡ್ಡಕ್ಕೆ ಏನೇ ಮಾಡಿದರೂ ಮಳೆಗಾಲವನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಬೇಕು.

ಕಾತ್ರಜ್ ಸುತ್ತಿನ ಗುಡ್ಡಗಳು ಕಪ್ಪು ಕಲ್ಲಿನವು. ಮೇಲೆ ಇರುವ ಮಣ್ಣು ಬಹಳ ಕಡೆ ಗೇಣು, ಮೊಳ ಅಷ್ಟೇ. ಅದರ ಕೆಳಗೆ ಮುರೂಮ್ ಅನ್ನುವ ಗರಸು, ಅದರ ಕೆಳಗೆ ಬಂಡೆ. ಅಷ್ಟು ತೆಳುವಾದ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಬೆಂಕಿ ಹುಲ್ಲಿನ ಮೇಲ್ಭಾಗವನ್ನು ಸುಡುತ್ತದೆ. ಹುಲ್ಲಿನ ಬೆಂಕಿ ಸರಸರ ಓಡುವುದರಿಂದ ನೆಲದೊಳಗಿನ ಬೇರು ಸಾಮಾನ್ಯವಾಗಿ ಉಳಿಯುತ್ತದೆ, ಮಳೆ ಬಿದ್ದ ಮೇಲೆ ಮತ್ತೆ ಚಿಗುರುತ್ತದೆ. ಜೆಸಿಬಿ ಹಾಗಲ್ಲ. ಬೇರು, ಮಣ್ಣು, ಸಣ್ಣ ಕಲ್ಲು ಎಲ್ಲವನ್ನೂ ಕಿತ್ತು ಸಡಿಲ ಮಾಡಿ ಬಿಡುತ್ತದೆ. ಭರಣಿ, ಕೃತ್ತಿಕೆ ಮಳೆ ಗುಡುಗಿನೊಂದಿಗೆ ಒಂದೇ ಹೊಡೆತಕ್ಕೆ ಸುರಿದರೆ ಆ ಸಡಿಲ ಮಣ್ಣೆಲ್ಲ ನೇರ ನಿಮ್ಮ ಗಟಾರಕ್ಕೆ ಬಂದು ಕೂರುತ್ತದೆ. ಗಟಾರ ಕಟ್ಟಿದ ಮೇಲೆ ಜುಲೈ ಮಳೆಗೆ ನೀರು ಹೋಗಲು ದಾರಿ ಎಲ್ಲಿದೆ? ಜೊತೆಗೆ, ಗೋಡೆಯ ಆಚೆಗಿನ ಜಾಗ ಅರಣ್ಯದ್ದಾಗಿದ್ದರೆ ಅಲ್ಲಿ ಯಂತ್ರ ಇಳಿಸುವುದು ಅಪರಾಧವೂ ಆಗುತ್ತದೆ.

ಕಾತ್ರಜ್ ಕಡೆಯವರು 2019ರ ಸೆಪ್ಟೆಂಬರ್ 25ರ ನೆರೆಯ ರಾತ್ರಿಯನ್ನು ಮರೆತಿರಲಿಕ್ಕಿಲ್ಲ. ಆಂಬೀಲ್ ಓಢಾ ಕಾತ್ರಜ್ ಗುಡ್ಡಗಳಿಂದಲೇ ಇಳಿದು ಸಹಕಾರನಗರ, ದಾಂಡೇಕರ್ ಪೂಲ್ ಕಡೆಯಿಂದ ಮುಠಾ ನದಿ ಸೇರುತ್ತದೆ. ಅವತ್ತು ಯಾವ ಅಣೆಕಟ್ಟೂ ಒಡೆದಿರಲಿಲ್ಲ. ಉತ್ತರೆ ಮಳೆ ಗುಡ್ಡದ ಮೇಲೆ ಕೆಲವೇ ಗಂಟೆ ಜೋರಾಗಿ ಹೊಡೆಯಿತು, ಅಷ್ಟೇ. ವರ್ಷಪೂರ್ತಿ ಚರಂಡಿಯಂತೆ ಹರಿಯುವ ಓಢಾ ಗೋಡೆಗಳನ್ನು ಉರುಳಿಸಿತು, ಕಾರುಗಳನ್ನು ಒಂದರ ಮೇಲೊಂದು ಹೇರಿತು. ಪುಣೆ ನಗರ ಮತ್ತು ಸುತ್ತಮುತ್ತ 20ಕ್ಕೂ ಹೆಚ್ಚು ಜನ ಸತ್ತರು. ಓಢಾದ ಪಾತ್ರ ಕಿರಿದಾಗಿದ್ದು, ಅದರಲ್ಲಿ ಹೂಳು ಮತ್ತು ಕಸ ತುಂಬಿದ್ದು ಅವತ್ತಿನ ದುರಂತಕ್ಕೆ ದೊಡ್ಡ ಕಾರಣ.

ಹಾಗಾದರೆ ಬೆಂಕಿಗೆ ಏನು ಮಾಡಬೇಕು? ಸಂಕ್ರಾಂತಿ ಮುಗಿಯುತ್ತಿದ್ದಂತೆ, ಜನವರಿ ಒಳಗೇ, ಗೋಡೆಯ ಉದ್ದಕ್ಕೂ 15ರಿಂದ 20 ಅಡಿ ಅಗಲದ ಪಟ್ಟಿಯಲ್ಲಿ ಹುಲ್ಲು ಕೊಯ್ಯಿಸಿ. ಕುಡುಗೋಲಿನಿಂದ ಅಥವಾ ಹುಲ್ಲು ಕತ್ತರಿಸುವ ಕೈಯಂತ್ರದಿಂದ. ಬುಡದಲ್ಲಿ ಎರಡು ಬೆರಳಷ್ಟು ಕೂಳೆ ಉಳಿಯಲಿ, ಬೇರಿಗೆ ಕೈ ಹಚ್ಚಬೇಡಿ. ಕೊಯ್ದ ಹುಲ್ಲನ್ನು ಅಲ್ಲೇ ರಾಶಿ ಹಾಕಬೇಡಿ, ಅದೇ ಮುಂದಿನ ಉರುವಲು. ದನ ಕಟ್ಟಿದವರು ಹತ್ತಿರದಲ್ಲಿ ಇದ್ದೇ ಇರುತ್ತಾರೆ, ಕೇಳಿದರೆ ತಾವೇ ಬಂದು ಒಯ್ಯುತ್ತಾರೆ. ಕೊಯ್ದದ್ದನ್ನು ಸುಡಲೇಬೇಡಿ. ಆ ಪಟ್ಟಿ ಅರಣ್ಯದ ಜಾಗದೊಳಗೆ ಬರುವುದಾದರೆ ಡಿಸೆಂಬರ್‌ನಲ್ಲೇ ಅಲ್ಲಿನ ವನರಕ್ಷಕರನ್ನು ಕಂಡು ಲಿಖಿತ ಅರ್ಜಿ ಕೊಡಿ. ಇಲಾಖೆಯವರು ಬೇಸಿಗೆಗೆ ಮುಂಚೆ ತಾವೇ ಬೆಂಕಿ ರೇಖೆ ಮಾಡುತ್ತಾರೆ, ಮರಾಠಿಯಲ್ಲಿ ಜಾಳ್‌ರೇಷಾ ಅನ್ನುತ್ತಾರೆ. ನಿಮ್ಮ ಗೋಡೆಯ ಹಿಂದೆಯೂ ಒಂದು ರೇಖೆ ಬರಲಿ ಎಂದು ಕೇಳುವುದು ಸುಲಭ. ಮಾರ್ಚ್‌ನಲ್ಲಿ ಬೆಂಕಿ ಬಿದ್ದ ಮೇಲೆ ಜಗಳ ಆಡುವುದು ಕಷ್ಟ.

ಪುಣೆಯ ಗುಡ್ಡಗಳಲ್ಲಿ ಇನ್ನೊಂದು ವಿಷಯ ಇದೆ. ಹಿಂದೆ ಹಸಿರು ಮಾಡಲು ಗ್ಲಿರಿಸಿಡಿಯಾ ಗಿಡವನ್ನು ಎಲ್ಲೆಂದರಲ್ಲಿ ನೆಟ್ಟಿದ್ದಾರೆ. ತಿಳಿ ಗುಲಾಬಿ ಹೂ ಬಿಡುತ್ತದೆ, ಇಲ್ಲಿಯವರು ಗಿರಿಪುಷ್ಪ ಅನ್ನುತ್ತಾರೆ. ಅದು ಸರಿಯಾಗಿ ಬೆಂಕಿ ಕಾಲದಲ್ಲೇ ಎಲೆ ಉದುರಿಸುತ್ತದೆ. ಗೋಡೆಯ ಒಳಗೂ ಆ ಗಿಡಗಳಿದ್ದರೆ ಫೆಬ್ರವರಿಯಿಂದ ವಾರಕ್ಕೊಮ್ಮೆ ಎಲೆ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಸೊಸೈಟಿಯ ಮಾಲಿ ಎಲೆ ಗುಡ್ಡೆ ಹಾಕಿ ಕಡ್ಡಿ ಗೀರುವ ಅಭ್ಯಾಸ ಇದ್ದರೆ ಅದನ್ನು ಖಡಾಖಂಡಿತವಾಗಿ ನಿಲ್ಲಿಸಿ. ನಮ್ಮ ಗುಡ್ಡಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಬೀಡಿ ತುಂಡು, ಕಸಕ್ಕೆ ಹಚ್ಚಿದ ಬೆಂಕಿ, ಗುಡ್ಡದ ಮೇಲಿನ ಪಾರ್ಟಿಯ ಒಲೆ, ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ಹಳೆಯ ನಂಬಿಕೆ, ಹೆಚ್ಚಿನದು ಇಷ್ಟರಲ್ಲೇ ಬರುತ್ತದೆ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲೇ ಅಪರಾಧ. ಆದರೂ ಕೇಸಿಗಿಂತ ಮಾತು ಜಾಸ್ತಿ ಕೆಲಸ ಮಾಡುತ್ತದೆ ಅನ್ನುವುದು ನನ್ನ ಅನುಭವ. ಗುಡ್ಡದ ಮೇಲೆ ದನ, ಮೇಕೆ ಮೇಯಿಸುವವರ ಜೊತೆ ಸೊಸೈಟಿಯವರು ಕೂತು ಚಹಾ ಕುಡಿದು ಮಾತಾಡಿ. ನಿಮ್ಮ ಮನೆಯಲ್ಲಿ ದಮ್ಮಿನ ಮುದುಕಿ ಇದ್ದಾರೆ ಎಂದು ಅವರಿಗೂ ಗೊತ್ತಾಗಲಿ.

ಈಗ ನಿಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಇದನ್ನು ಅವರಿಗೆ ಓದಿ ಹೇಳಿ. ಅವರ ಧೈರ್ಯಕ್ಕೆ, ಕಾಳಜಿಗೆ ನನ್ನ ನಮಸ್ಕಾರ. ಆದರೆ ತರಬೇತಿ ಇಲ್ಲದೆ ಮತ್ತೆ ಮೇಲೆ ಹೋಗುವುದು ಬೇಡ. ಬೆಂಕಿ ಏರು ಹತ್ತುವಾಗ ವೇಗ ಪಡೆಯುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೆಂಕಿ ಆರಿಸುವವರ ಅಂದಾಜು. ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಡುತ್ತದೆ, ಹಗಲಿನ ಗಾಳಿಯೂ ಕಣಿವೆಯಿಂದ ಮೇಲಕ್ಕೇ ಬೀಸುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಇಂಥದ್ದೇ ಒಣ ಹುಲ್ಲಿನ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಬಹಳಷ್ಟು ಜನ ಗಟ್ಟಿಮುಟ್ಟಾದ ಯುವಕ ಯುವತಿಯರು.

ಸುಮ್ನೆ ನೋಡುತ್ತಾ ಕೂರಬೇಕಾ ಅಂತ ಅವರು ಕೇಳಬಹುದು. ಬೇಡ. ಕೆಲಸ ಬೇರೆ ಇದೆ. ಹೊಗೆ ಕಂಡ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ 'ವಣವಾ ಲಾಗಲಾ ಆಹೇ' (ಗುಡ್ಡಕ್ಕೆ ಬೆಂಕಿ ಬಿದ್ದಿದೆ) ಎಂದು ಹೇಳಿ ಜಾಗದ ಗುರುತು ಕೊಡಿ. ಮನೆಗಳ ಹತ್ತಿರ ಬಂದಿದ್ದರೆ ಅಗ್ನಿಶಾಮಕ ದಳದ 101ಕ್ಕೂ ಮಾಡಿ. ಒಬ್ಬರು ಮುಖ್ಯ ರಸ್ತೆಗೆ ಹೋಗಿ ನಿಂತು ಬೆಂಕಿ ಆರಿಸುವ ಬಂಬನ್ನು (ಗಾಡಿಯನ್ನು) ಕರೆತರಬೇಕು. ಒಬ್ಬರು ಹಿಂದಿನ ಗೇಟಿನ ಬೀಗ ತೆಗೆದು, ಅಡ್ಡ ನಿಂತ ಗಾಡಿಗಳನ್ನು ಸರಿಸಬೇಕು. ಉಳಿದವರು ಗೋಡೆಯ ಒಳಗೆ ನಿಂತು ಪೈಪಿನಿಂದ ಕೊಯ್ದ ಪಟ್ಟಿಯನ್ನು, ಗೋಡೆ ಪಕ್ಕದ ಎಲೆಗಳನ್ನು ತೋಯಿಸಬೇಕು. ಹಾರಿ ಬಂದ ಕಿಡಿಗಳನ್ನು ಒದ್ದೆ ಗೋಣಿಚೀಲದಿಂದ ಆರಿಸಬೇಕು. ಇಷ್ಟನ್ನು ಹಂಚಿಕೊಂಡು ಮಾಡಿದರೆ ಮನೆ ಉಳಿಯುತ್ತದೆ. ಗುಡ್ಡ ಹತ್ತಿ ಆರಿಸುವ ಆಸೆ ನಿಜವಾಗಿಯೂ ಇದ್ದರೆ ಅರಣ್ಯ ಇಲಾಖೆಯವರ ಹತ್ತಿರ ಕಲಿತು ಅವರ ತಂಡದ ಜೊತೆ ಹೋಗಲಿ. ಆಗಲೂ ನೈಲಾನ್, ಪಾಲಿಸ್ಟರ್ ಬಟ್ಟೆ ಹಾಕಬಾರದು, ಅದು ಕರಗಿ ಮೈಗೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆ, ಬೂಟು ಇರಬೇಕು. ಬೆಂಕಿಯ ಮೇಲ್ಗಡೆ ಯಾವತ್ತೂ ನಿಲ್ಲಬಾರದು, ಕೊರಕಲಿಗೆ ಇಳಿಯಬಾರದು. ಸಿಕ್ಕಿಹಾಕಿಕೊಂಡರೆ ಏರು ಓಡಬಾರದು, ಆಗಲೇ ಸುಟ್ಟು ಕಪ್ಪಾದ ಜಾಗಕ್ಕೆ ಸೇರಿಕೊಳ್ಳಬೇಕು.

ಟಿವಿಯಲ್ಲಿ ಕಾಣುವ ಅಮೆರಿಕದ ಬೆಂಕಿಯಂತೆ ನಿಮ್ಮ ಮನೆ ಉರಿದು ಹೋಗುತ್ತದೆ ಎಂಬ ಭಯ ಬೇಡ. ಅಲ್ಲಿ ಮರದ ಚೌಕಟ್ಟಿನ ಮನೆಗಳು ಜಾಸ್ತಿ, ಮರಗಳ ತಲೆಯಿಂದ ತಲೆಗೆ ಹಾರುವ ಬೆಂಕಿ. ನಿಮ್ಮದು ಕಾಂಕ್ರೀಟ್ ಮನೆ, ನೆಲದ ಹುಲ್ಲಿನ ಬೆಂಕಿ. ನಿಮ್ಮಲ್ಲಿ ಮನೆಗೆ ಕಿಡಿ ಹತ್ತುವುದು ಗೋಡೆಗಲ್ಲ, ಸಾಮಾನಿಗೆ. ಟೆರೇಸಿನ ಮೇಲೆ ಹಾಸಿದ ತಾಡಪತ್ರಿ, ಬಾಲ್ಕನಿಯ ಹಳೆಯ ರಟ್ಟಿನ ಡಬ್ಬ, ಸೋಲಾರ್ ಹೀಟರಿನ ಪೈಪಿಗೆ ಸುತ್ತಿದ ಫೋಮು, ಪ್ಲಾಸ್ಟಿಕ್ ನೀರಿನ ಟ್ಯಾಂಕು, ಏಸಿಯ ಹೊರಗಿನ ಯಂತ್ರದ ಹಿಂದೆ ಸೇರಿದ ಒಣಗಿದ ಎಲೆ, ಗೋಡೆಗೆ ಒರಗಿಸಿ ನಿಲ್ಲಿಸಿದ ಸ್ಕೂಟರು. ಫೆಬ್ರವರಿ ಶುರುವಿನಲ್ಲಿ ಒಂದು ಭಾನುವಾರ ಇವಿಷ್ಟನ್ನು ನೋಡಿ ಸರಿಮಾಡಿ. ಗ್ಯಾಸ್ ಸಿಲಿಂಡರನ್ನು ಹಿತ್ತಲ ಗೋಡೆ ಪಕ್ಕ ಇಟ್ಟಿದ್ದರೆ ರಸ್ತೆ ಕಡೆಯ ಬದಿಗೆ ತನ್ನಿ.

ಅತ್ತೆಯವರಿಗೆ ಮಾತ್ರ ನಿಜವಾದ ಅಪಾಯ ಇದೆ, ಅದು ಹೊಗೆಯದು. ಪುಣೆಯ ಸುತ್ತ ಗುಡ್ಡ. ರಾತ್ರಿ ತಂಪಾದ ಗಾಳಿ ಕೆಳಗೆ ಇಳಿದು ನಿಲ್ಲುತ್ತದೆ, ಹೊಗೆಯೂ ಅದರೊಂದಿಗೆ ಇಳಿಯುತ್ತದೆ. ಬೆಂಕಿ ಸಂಜೆಯೇ ಆರಿದ್ದರೂ ಬೆಳಗಿನ ಜಾವ ಹೊಗೆ ದಟ್ಟವಾಗಿರುವುದು ಇದಕ್ಕೇ. ಅವರಿಗೆ ರಸ್ತೆ ಕಡೆಯ ಒಂದು ಕೋಣೆ ಗೊತ್ತು ಮಾಡಿ. ಬೆಂಕಿ ಕಂಡ ಕೂಡಲೇ ಕಿಟಕಿ ಹಾಕಿ, ಬಾಗಿಲ ಕೆಳಗೆ ಒದ್ದೆ ಟವೆಲ್ ಇಡಿ. ಏರ್ ಕೂಲರ್ ಹಾಕಬೇಡಿ, ಅದು ಹೊರಗಿನ ಹೊಗೆಯನ್ನೇ ಎಳೆದು ತರುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನೂ ಬೇಡ. ಆ ಹೊತ್ತು ಒಗ್ಗರಣೆ, ಊದಿನಕಡ್ಡಿ, ಧೂಪ ಎಲ್ಲ ಬಂದ್. ಸೀರೆ ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿದರೆ ಬೂದಿ ನಿಲ್ಲುತ್ತದೆಯೇ ಹೊರತು ಎದೆಯೊಳಗೆ ಹೋಗುವ ಸಣ್ಣ ಕಣ ನಿಲ್ಲುವುದಿಲ್ಲ. ಅದಕ್ಕೆ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಮಾಸ್ಕ್ ಹಾಕಿದಾಗ ಅವರಿಗೆ ಉಸಿರಾಟ ಕಷ್ಟವಾದರೆ ಒತ್ತಾಯ ಮಾಡಬೇಡಿ. ಜನವರಿಯಲ್ಲೇ ಅವರ ಡಾಕ್ಟರ ಹತ್ತಿರ ಹೋಗಿ, ಹೊಗೆ ಬಂದ ದಿನ ದಮ್ಮಿನ ಪಂಪು (ಇನ್ಹೇಲರ್) ಎಷ್ಟು ಸಲ ತೆಗೆದುಕೊಳ್ಳಬೇಕು, ಯಾವಾಗ ಆಸ್ಪತ್ರೆಗೆ ಬರಬೇಕು ಎಂದು ಬರೆಸಿಕೊಂಡು ಬನ್ನಿ. ಒಂದು ಪೂರ್ತಿ ವಾಕ್ಯ ಮಾತಾಡಲು ಉಸಿರು ಸಾಲದಿದ್ದರೆ, ತುಟಿ ಉಗುರು ನೀಲಿಯಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನನ್ನ ಸಲಹೆ ಕೇಳಿದರೆ, ಬೆಂಕಿ ದೊಡ್ಡದಾದ ದಿನ ಅವರನ್ನು ಊರೊಳಗಿನ ನೆಂಟರ ಮನೆಗೆ ಎರಡು ರಾತ್ರಿ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು. ಯಾರ ಮನೆಗೆ ಎಂಬುದನ್ನು ಈಗಲೇ ಮಾತಾಡಿ ಇಟ್ಟುಕೊಳ್ಳಿ. ಆಟೋ ಹಿಡಿದ ಮೇಲೆ ಫೋನ್ ಮಾಡುವ ಹಾಗೆ ಆಗಬಾರದು.

ಬೆಂಕಿ ಆರಿತು, ಎಲ್ಲರೂ ಮರೆತರು. ಜನ ತಪ್ಪುವುದು ಇಲ್ಲೇ. ಬೆಂಕಿ ಆರಿದ ದಿನದಿಂದ ಜೂನ್ 7ರ ಸುಮಾರಿಗೆ ಮೃಗಶಿರಾ ಮಳೆ ಕೂಡುವವರೆಗೆ ನಿಮ್ಮ ಕೈಯಲ್ಲಿ ಸುಮಾರು ಮೂರು ತಿಂಗಳು ಇರುತ್ತದೆ. ಆ ಮೂರು ತಿಂಗಳೇ ನಿಮ್ಮ ಮಳೆಗಾಲವನ್ನು ತೀರ್ಮಾನಿಸುತ್ತದೆ.

ಸುಟ್ಟ ಜಾಗಕ್ಕೆ ವನರಕ್ಷಕರನ್ನು ಕರೆದುಕೊಂಡು ಹೋಗಿ. ಸುಟ್ಟು ಬಿದ್ದ ಟೊಂಗೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ನೆಲಕ್ಕೆ ಒತ್ತಿಕೊಳ್ಳುವ ಹಾಗೆ ಇಡಿಸಿ. ಸಣ್ಣ ಕೊರಕಲುಗಳಲ್ಲಿ ಅಲ್ಲಲ್ಲಿ ಕಲ್ಲಿನ ಸಾಲು ಹಾಕಿಸಿ. ಮೊಣಕಾಲೆತ್ತರ ಸಾಕು. ನೀರು ತಡೆಯುವುದು ಉದ್ದೇಶ ಅಲ್ಲ, ನೀರಿನ ಓಟ ತಗ್ಗಿಸಿ ಮಣ್ಣನ್ನು ಮೇಲೆಯೇ ಉಳಿಸುವುದು. ಹೊಸ ಹುಲ್ಲು ಬೇರು ಬಿಡುವವರೆಗೆ ಆ ತುಂಡು ಜಾಗಕ್ಕೆ ದನ ಬಿಡಬೇಡಿ ಎಂದು ಕೇಳಿಕೊಳ್ಳಿ. ಟೆರೇಸಿನ ಬೂದಿಯನ್ನು ಪೈಪಿನಿಂದ ತೊಳೆದು ಕೆಳಗೆ ಬಿಡಬೇಡಿ, ಗುಡಿಸಿ ಚೀಲಕ್ಕೆ ತುಂಬಿ ಗಿಡಗಳ ಬುಡಕ್ಕೆ ಹಾಕಿ. ಮಳೆನೀರು ಬೋರಿಗೆ ಇಂಗಿಸುವ ಗುಂಡಿ ಇದ್ದರೆ ಮೇ ತಿಂಗಳಲ್ಲಿ ಅದರ ಜಲ್ಲಿ, ಮರಳು ತೆಗೆದು ತೊಳೆಸಿ. ಮೊದಲ ಎರಡು ಮೂರು ಮಳೆಯ ಕಪ್ಪು ನೀರನ್ನು ಗುಂಡಿಗೆ ಬಿಡದೆ ಹೊರಗೆ ಹೋಗಲು ಬಿಡಿ. ಅದು ಒಳಗೆ ಹೋದರೆ ಗುಂಡಿ ಗಾರೆ ಮೆತ್ತಿದಂತೆ ಮುಚ್ಚಿಹೋಗುತ್ತದೆ.

ಗೋಡೆಯ ವಿಷಯ ಈಗ ಹೇಳಬಹುದು. ನಾಲ್ಕು ಅಡಿ ಎತ್ತರಿಸಿದ ಗೋಡೆ ಬೆಂಕಿಯನ್ನು ಸ್ವಲ್ಪ ತಡೆಯಬಹುದು, ಕಿಡಿಯನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಅದು ಅಣೆಕಟ್ಟಾಗುತ್ತದೆ. ಹಿಂದೆ ನೀರು, ಕೆಸರು ನಿಂತು ಒತ್ತುತ್ತದೆ. ಕಾಂಪೌಂಡ್ ಗೋಡೆಯನ್ನು ಆ ಒತ್ತಡ ತಾಳುವ ಹಾಗೆ ಕಟ್ಟಿರುವುದಿಲ್ಲ. 2019ರ ಜೂನ್ 29ರಂದು ಪುಣೆಯ ಕೊಂಢವಾದಲ್ಲಿ ಮಳೆಗೆ ಒಂದು ವಸತಿ ಸಂಕೀರ್ಣದ ಗೋಡೆ ಪಕ್ಕದ ಕಾರ್ಮಿಕರ ಶೆಡ್‌ಗಳ ಮೇಲೆ ಬಿದ್ದು 15 ಜನ ಸತ್ತರು. ಮಕ್ಕಳೂ ಇದ್ದರು. ಆದ್ದರಿಂದ ನಿಮ್ಮ ಗೋಡೆಗೆ ಈಗ ಬೇಕಾಗಿರುವುದು ಎತ್ತರ ಅಲ್ಲ, ಬುಡದಲ್ಲಿ ನೀರು ಹೋಗುವ ತೂತುಗಳು. ಇದ್ದ ತೂತುಗಳನ್ನು ಇಲಿ, ಹಾವು ಬರುತ್ತವೆ ಎಂದು ಸಿಮೆಂಟ್ ಹಾಕಿ ಮುಚ್ಚಿರುತ್ತಾರೆ. ತೆಗೆಸಿ ಜಾಳಿಗೆ ಹಾಕಿಸಿ. ಗೋಡೆಯ ಹಿಂದೆ ಉದ್ದಕ್ಕೂ ಒಂದು ಕಾಲುವೆ ತೆಗೆಸಿ, ಅದರ ನೀರು ಓಢಾಗೆ ಸೇರುವ ದಾರಿ ತೆರೆದಿರಲಿ. ಬಿರುಕು ಬಿಟ್ಟಿದ್ದರೆ, ಹೊಟ್ಟೆ ಉಬ್ಬಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ತೋರಿಸಿ. ಈ ಹಣ ಜೆಸಿಬಿಗೆ ಕೊಡುವ ಹಣಕ್ಕಿಂತ ಚೆನ್ನಾಗಿ ಖರ್ಚಾದಂತೆ.

ಇನ್ನು ಓಢಾ. ಪುಣೆಯಲ್ಲಿ ಎರಡು ಥರದ ನೆರೆ ಬರುತ್ತದೆ, ಎರಡಕ್ಕೂ ಸಿಗುವ ಸಮಯ ಬೇರೆ. ಮುಠಾ ನದಿಯ ನೆರೆ ಖಡಕವಾಸ್ಲಾ ಅಣೆಕಟ್ಟಿನಿಂದ ಬಿಡುವ ನೀರಿನದು. ಅದರ ಮೇಲ್ಗಡೆ ಪಾನ್‌ಶೇತ್, ವರಸಗಾವ್, ಟೇಮ್‌ಘರ್ ಅಣೆಕಟ್ಟುಗಳಿವೆ. ಖಡಕವಾಸ್ಲಾ ಸಣ್ಣದು, ಸುಮಾರು 2 ಟಿಎಂಸಿ ಅಷ್ಟೇ. ಅದಕ್ಕೇ ತುಂಬಿದ ಮೇಲೆ ಬಂದ ನೀರನ್ನು ಬಿಡಲೇಬೇಕಾಗುತ್ತದೆ. 2024ರ ಜುಲೈ 25ರಂದು 35 ಸಾವಿರ ಕ್ಯೂಸೆಕ್‌ನಷ್ಟು ನೀರು ಬಂದು ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ನುಗ್ಗಿತಲ್ಲ, ಅದೆಂದರೆ ಸೆಕೆಂಡಿಗೆ ಸುಮಾರು 10 ಲಕ್ಷ ಲೀಟರ್. ಅಲ್ಲಿಯವರು ಕ್ಯೂಸೆಕ್ ಲೆಕ್ಕ ನೋಡುತ್ತಾ ಮುಂಚೆಯೇ ತಯಾರಾಗಬಹುದು. ನಿಮಗೆ ಆ ಸೌಲಭ್ಯ ಇಲ್ಲ. ನಿಮ್ಮ ಓಢಾಗೆ ಅಣೆಕಟ್ಟಿನ ಎಚ್ಚರಿಕೆ ಬರುವುದಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆ ಬಹಳ ಬೇಗ ಬಾಗಿಲಿಗೆ ಬರುತ್ತದೆ.

ಹವಾಮಾನ ಇಲಾಖೆಯ ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡಿ. 24 ಗಂಟೆಯಲ್ಲಿ 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ ಮಳೆ ಎಂದು ಅವರ ಲೆಕ್ಕ. ಆದರೆ ಓಢಾ ಪಕ್ಕದವರಿಗೆ ದಿನದ ಲೆಕ್ಕಕ್ಕಿಂತ ಗಂಟೆಯ ಲೆಕ್ಕ ಮುಖ್ಯ. 100 ಮಿ.ಮೀ. ದಿನವಿಡೀ ಬಿದ್ದರೆ ಕೊಡೆ ಹಿಡಿದು ಓಡಾಡಬಹುದು, ಎರಡು ಗಂಟೆಯಲ್ಲಿ ಬಿದ್ದರೆ ಗಲ್ಲಿ ಮುಳುಗುತ್ತದೆ. ಹಾಗಾಗಿ ನಿಮ್ಮದೇ ಗುರುತು ಮಾಡಿಕೊಳ್ಳಿ. ಗಲ್ಲಿಯ ಮೇಲ್ಗಡೆ ಓಢಾ ದಾಟುವ ಮೋರಿಯ ಕಂಬಕ್ಕೆ ಹಳದಿ ಬಣ್ಣದ ಒಂದು ಗೆರೆ, ಅದರ ಮೇಲೆ ಕೆಂಪು ಗೆರೆ ಎಳೆಸಿ. ನೀರು ಹಳದಿ ಮುಟ್ಟಿದರೆ ಗಾಡಿಗಳು ಎತ್ತರದ ರಸ್ತೆಗೆ, ಔಷಧಿ ಮತ್ತು ಕಾಗದಪತ್ರ ಮಹಡಿಗೆ. ಕೆಂಪು ಮುಟ್ಟಿದರೆ ಕೆಳಗಿನ ಗಲ್ಲಿಯವರೆಲ್ಲ ಹೊರಡಬೇಕು, ಮೇನ್ ಸ್ವಿಚ್ ತೆಗೆದು, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ರಾತ್ರಿ ಯಾರು ಬ್ಯಾಟರಿ ಹಿಡಿದು ನೋಡುತ್ತಾರೆ ಎಂದು ಪಾಳಿ ಹಾಕಿ. ಹೊರಡುವ ತೀರ್ಮಾನವನ್ನು ನೀರು ಬಂದ ಮೇಲೆ ಚರ್ಚೆಗೆ ಇಡಬೇಡಿ. ಆ ಹೊತ್ತಿನಲ್ಲಿ ಮನೆಮಂದಿಯಲ್ಲಿ ಒಬ್ಬರಾದರೂ 'ಇನ್ನೊಂದು ಅರ್ಧ ಗಂಟೆ ನೋಡೋಣ' ಅಂದೇ ಅನ್ನುತ್ತಾರೆ.

ಹರಿಯುವ ನೀರು ಅರ್ಧ ಅಡಿ ಇದ್ದರೂ ಮನುಷ್ಯನ ಕಾಲು ಕೀಳುತ್ತದೆ, ಒಂದು ಅಡಿಗೆ ಸಣ್ಣ ಕಾರು ತೇಲಲು ಶುರುವಾಗುತ್ತದೆ. ಮುಂಬೈಯಲ್ಲಿ 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದ ದಿನ, ಬಾಗಿಲು ತೆರೆಯಲಾಗದೆ ಕಾರಿನೊಳಗೇ ಉಸಿರುಗಟ್ಟಿ ಸತ್ತವರಿದ್ದರು. ನೀರಿನಲ್ಲಿ ಕಾರು ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಕಿಟಕಿ ಇಳಿಸಿ ಬೇಗ ಹೊರಬನ್ನಿ. ಕೊಳಕು ನೀರಿನಲ್ಲಿ ನಡೆದವರು ಇಲಿ ಜ್ವರದ ಮುನ್ನೆಚ್ಚರಿಕೆ ಮಾತ್ರೆ ಬೇಕಾ ಎಂದು ಮರುದಿನವೇ ಡಾಕ್ಟರನ್ನು ಕೇಳಬೇಕು, ಕಾಲಲ್ಲಿ ಗಾಯ ಇದ್ದರಂತೂ ತಪ್ಪದೇ.

ಮನೆ ಮಾರಬೇಕಾ ಎಂಬ ಪ್ರಶ್ನೆಗೆ ಬೆಂಕಿ ಉತ್ತರ ಕೊಡುವುದಿಲ್ಲ, ಮನೆಯ ಹಿಂದಿನ ಇಳಿಜಾರು ಕೊಡುತ್ತದೆ. 2014ರ ಜುಲೈ 30ರ ಬೆಳಿಗ್ಗೆ ಇದೇ ಪುಣೆ ಜಿಲ್ಲೆಯ ಆಂಬೇಗಾವ್ ತಾಲ್ಲೂಕಿನ ಮಾಳಿಣ್ ಮೇಲೆ ಗುಡ್ಡ ಜಾರಿ 151 ಜನ ತೀರಿಕೊಂಡರು. ಊರು ಇದ್ದ ಜಾಗದಲ್ಲಿ ಊರಿಲ್ಲ ಎಂದು ಮೊದಲು ನೋಡಿದ್ದು ಆ ದಾರಿಯಲ್ಲಿ ಬಂದ ಎಸ್‌ಟಿ ಬಸ್ಸಿನ ಚಾಲಕ. ಗುಡ್ಡವನ್ನು ಯಂತ್ರದಿಂದ ಸಮತಟ್ಟು ಮಾಡಿದ್ದರ ಬಗ್ಗೆ ಆಮೇಲೆ ಬಹಳ ಚರ್ಚೆಯಾಯಿತು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿ ಹಾಗೇ ಹೋಯಿತು. ಅದು ಸರ್ಕಾರದ ಅಪಾಯದ ಊರುಗಳ ಪಟ್ಟಿಯಲ್ಲೇ ಇರಲಿಲ್ಲ. ಅಲ್ಲೆಲ್ಲ ಬೀಳುವ ಘಟ್ಟದ ಮಳೆ ಕಾತ್ರಜ್‌ನಲ್ಲಿ ಬೀಳುವುದಿಲ್ಲ, ಮಣ್ಣೂ ಅಷ್ಟು ದಪ್ಪ ಇಲ್ಲ. ಅದು ನಿಮಗೆ ಸಮಾಧಾನದ ವಿಷಯ. ಆದರೆ ಬಿಲ್ಡರು ಮುರೂಮ್ ಅನ್ನು ಗೋಡೆಯಂತೆ ನೆಟ್ಟಗೆ ಕಡಿದು, ಅದರ ಬುಡಕ್ಕೆ ಮನೆ ಕಟ್ಟಿದ್ದರೆ ಲೆಕ್ಕ ಬದಲಾಗುತ್ತದೆ. ಹಿತ್ತಲಿಗೆ ಹೋಗಿ ನೋಡಿ. ಕಡಿದ ಮುಖದ ಮೇಲ್ಗಡೆ ನೆಲ ಬಿರಿದಿದೆಯಾ? ಮರ, ವಿದ್ಯುತ್ ಕಂಬ ವಾಲಿವೆಯಾ? ಮೊದಲು ಇಲ್ಲದ ಕಡೆ ಕೆಸರು ನೀರು ಒಸರುತ್ತದೆಯಾ? ಮಳೆಗಾಲದಲ್ಲಿ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಬಿಗಿಯಾಗಿ ಮುಚ್ಚಲು ಬರುವುದಿಲ್ಲವಾ? ಇವುಗಳಲ್ಲಿ ಒಂದೇ ಒಂದಕ್ಕೆ ಹೌದು ಎಂದಾದರೂ ಭೂವಿಜ್ಞಾನ ಬಲ್ಲ ಇಂಜಿನಿಯರ್‌ಗೆ ತೋರಿಸುವವರೆಗೆ ಜೋರು ಮಳೆಯ ರಾತ್ರಿ ಅಲ್ಲಿ ಮಲಗಬೇಡಿ. ಜೊತೆಗೆ ಪಾಲಿಕೆಯ ನಕ್ಷೆಯಲ್ಲಿ ನಿಮ್ಮ ಪ್ಲಾಟು ಓಢಾದ ಪಾತ್ರದೊಳಗೆ ಬರುತ್ತದೆಯಾ ನೋಡಿ. ನದಿ ಪಕ್ಕದವರಾದರೆ ನಕ್ಷೆಯ ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರುವ ನೆರೆಯದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರುವುದರದು. ಇಳಿಜಾರು ಗಟ್ಟಿ, ಪ್ಲಾಟು ಓಢಾದ ಹೊರಗೆ ಎಂದಾದರೆ ಮನೆ ಮಾರಬೇಡಿ. ನಾನಾಗಿದ್ದರೂ ಮಾರುವುದಿಲ್ಲ. ಎರಡರಲ್ಲಿ ಒಂದು ಕೆಟ್ಟಿದ್ದರೆ ಬೆಲೆ ಬಂದಾಗ ಮಾರೋಣ ಎಂದು ಮಳೆಗಾಲಗಳನ್ನು ಎಣಿಸುತ್ತಾ ಕೂರಬೇಡಿ, ಈ ವರ್ಷದ ಜೂನ್‌ಗೇ ಬಾಡಿಗೆ ಮನೆ ನೋಡಿ.

ಭೂಕಂಪ, ಚಂಡಮಾರುತದ ಬಗ್ಗೆ ನೀವು ಕೇಳಿಲ್ಲ, ಎರಡೇ ಮಾತು ಹೇಳುತ್ತೇನೆ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಪುಣೆಗೂ ಗೊತ್ತಾಗಿತ್ತು. 2020ರ ಜೂನ್ 3ರ ನಿಸರ್ಗ ಚಂಡಮಾರುತ ಅಲಿಬಾಗ್ ಹತ್ತಿರ ಬಂದಾಗ ಇಲ್ಲಿಯೂ ಮರಗಳು ಉರುಳಿದವು. ಕಪಾಟುಗಳನ್ನು ಗೋಡೆಗೆ ತಿರುಪು ಹಾಕಿ ಬಿಗಿಸಿ, ಟೆರೇಸಿನ ಪತ್ರಾ ಸಡಿಲ ಇದ್ದರೆ ಮೇ ತಿಂಗಳಲ್ಲೇ ಭದ್ರ ಮಾಡಿಸಿ.

ವಿಮೆ ತಪ್ಪದೇ ಮಾಡಿಸಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳಲ್ಲಿ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಮನೆ ವಿಮೆ ಇದೆ. ಕಾಡಿನ ಬೆಂಕಿ, ನೆರೆ, ಬಿರುಗಾಳಿ, ಭೂಕುಸಿತ, ಭೂಕಂಪ ಎಲ್ಲ ಅದರಲ್ಲಿ ಬರುತ್ತವೆ. ಕಟ್ಟಡಕ್ಕೆ ಮಾಡಿಸಿದರೆ ಮನೆ ಸಾಮಾನಿಗೂ ಆ ಮೊತ್ತದ ಶೇ. 20ರಷ್ಟು, 10 ಲಕ್ಷ ರೂಪಾಯಿಯ ಮಿತಿಯೊಳಗೆ, ತಾನಾಗಿ ಸಿಗುತ್ತದೆ. ಸೊಸೈಟಿಯ ವಿಮೆ ಇದೆಯಲ್ಲ ಎಂದು ಬಿಡಬೇಡಿ, ಅದು ನಿಮ್ಮ ಸಾಮಾನಿಗೆ ಬರುವುದಿಲ್ಲ. ಪ್ರತಿ ಕೋಣೆಯ ಫೋಟೋ ತೆಗೆದು ಮೊಬೈಲ್ ಅಲ್ಲದೆ ಬೇರೆ ಕಡೆಯೂ ಇಟ್ಟಿರಿ.

ಕೊನೆಗೆ ಶೆಡ್‌ಗಳ ಜನ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಬೆಂಕಿ ಬಂದರೂ, ನೀರು ಬಂದರೂ, ಗೋಡೆ ಬಿದ್ದರೂ ಮೊದಲು ಸಿಗುವುದು ಅವರೇ. ಎಚ್ಚರಿಕೆಯ ಸಂದೇಶ ಮರಾಠಿಯಲ್ಲಿ ಬರುತ್ತದೆ. ಎಷ್ಟೋ ಜನಕ್ಕೆ ಓದಲು ಬರುವುದಿಲ್ಲ. ಅವರ ಮಾತು ಬಲ್ಲವರು ಆ ಗಲ್ಲಿಯಲ್ಲಿ ನೀವು. ಅವರಲ್ಲಿ ಇಬ್ಬರು ಹೆಣ್ಣುಮಕ್ಕಳ ನಂಬರ್ ತೆಗೆದುಕೊಳ್ಳಿ, ಗಂಡಸರು ಕೆಲಸಕ್ಕೆ ಹೋದಾಗಲೂ ಅವರು ಸಿಗುತ್ತಾರೆ. ಕಿತ್ತಳೆ ಎಚ್ಚರಿಕೆ ಬಂದ ದಿನ ಕನ್ನಡದಲ್ಲಿ ಧ್ವನಿ ಸಂದೇಶ ಕಳಿಸಿ. ತುರ್ತು ಸಹಾಯದ 112 ನಂಬರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಒಲೆಯನ್ನು ಹುಲ್ಲಿನಿಂದ ದೂರ, ಮೂರು ಕಡೆ ಕಲ್ಲಿಟ್ಟು ಹೂಡಲು, ಮಲಗುವ ಮುಂಚೆ ಬೂದಿಗೆ ನೀರು ಹಾಕಲು ಹೇಳಿ. ಶೆಡ್ಡಿನ ಬೆನ್ನಿಗೆ ಎತ್ತರದ ಗೋಡೆ ಇದ್ದರೆ ಮಳೆಗಾಲಕ್ಕೆ ಮುಂಚೆ ಜಾಗ ಬದಲಿಸಲು ಅವರನ್ನು ಕೆಲಸಕ್ಕೆ ಕರೆತಂದ ಮುಕಾದಮನ (ಮೇಸ್ತ್ರಿಯ) ಹತ್ತಿರ ಮಾತಾಡಿ. ಅವನು ಕೇಳದಿದ್ದರೆ ಸೊಸೈಟಿಯ ಲೆಟರ್‌ಹೆಡ್‌ನಲ್ಲಿ ಪಾಲಿಕೆಯ ವಾರ್ಡ್ ಆಫೀಸಿಗೆ ಬರೆದು ಸಹಿ ಮಾಡಿಸಿಕೊಳ್ಳಿ. ಮತ್ತೆ ನೀರು ಕೆಂಪು ಗೆರೆ ಮುಟ್ಟಿದ ರಾತ್ರಿ ಅವರೆಲ್ಲ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಮಲಗಬಹುದು ಎಂಬ ಠರಾವನ್ನು ಮೇ ತಿಂಗಳ ಸಭೆಯಲ್ಲೇ ಬರೆಸಿ. ಕೀಲಿ ಯಾರ ಹತ್ತಿರ ಇರುತ್ತದೆ, ರಾತ್ರಿ ಎರಡು ಗಂಟೆಗೆ ಯಾರ ಬಾಗಿಲು ಬಡಿಯಬೇಕು ಎಂಬುದೂ ಅದರಲ್ಲಿ ಇರಲಿ.